ಲುಂಬಿನಿ ತಿದ್ದಿದ ಸಾಲುಗಳು

ಶಹಾಬಾದದಿಂದ ವಾಡಿಗೆ ಹೋಗುವ ಬೆಳಗಿನ ರೈಲಿನಲ್ಲಿ ಲುಂಬಿನಿಯನ್ನು ಅರಿಯದವರು ಕಡಿಮೆ. ಜಾಗ ಸಿಕ್ಕಿತೆಂದರೆ, ಅಕ್ಕಪಕ್ಕದವರ ಚೀಲಗಳನ್ನೂ ಒಂದೇ ಸಾಲಿಗೆ ತಂದಿಟ್ಟ ಮೇಲೆಯೇ ಅವಳು ಕೂರುವುದು.

“ನಮ್ಮ ಚೀಲಾ ಪರೇಡಿಗಿ ಹೊಂಟಾವೇನವಾ?” ಎಂದು ಹೆಂಗಸರು ನಗುತ್ತಿದ್ದರು.

ಈ ಗುಣ ತಂದೆಯಿಂದ ಬಂದದ್ದು. ಜಗದೇವಪ್ಪ ಫರ್ಸಿ ಕಲ್ಲಿನ ಅಂಚು ತಿದ್ದಿ, ನೂಲು ಹಿಡಿದು ನೆಲ ಹಾಸುವವನು. ಅವನದೊಂದು ನೇಮವಿತ್ತು. ಹಾಸುವ ಕೆಲಸ ಮುಗಿದ ಮೇಲೆ, ಮನೆಯವರು ಕಾಲಿಡುವ ಮೊದಲು, ಇಡೀ ನೆಲವನ್ನು ಒಂದೇ ಸಲಕ್ಕೆ ತೊಳೆಯಬೇಕು. “ಅರ್ಧ ತೊಳದ್ರ ಕಲೆ ಕುಂದರ್ತದ” ಎನ್ನುತ್ತಿದ್ದ. ರಜೆಯ ದಿನಗಳಲ್ಲಿ ಕೊಡ ಹೊತ್ತು ನೀರು ಸುರಿದವಳು ಲುಂಬಿನಿಯೇ.

ಓದಿ ದೊಡ್ಡವಳಾಗಿ ಅವಳು ಸೇರಿದ್ದು ವಾಡಿ ಸ್ಟೇಷನ್ನಿನ ಎದುರಿಗೆ, ಮಹಡಿಯ ಮೇಲಿದ್ದ ಒಂದು ಸಣ್ಣ ಕಚೇರಿಗೆ. ಸೇಡಂ, ಚಿತ್ತಾಪುರಗಳ ಕಲ್ಲಿನ ಅಂಗಡಿಗಳಿಗೆ ಅಲ್ಲಿ ಬಿಲ್ಲಿನ ಸಾಫ್ಟ್‌ವೇರ್ ಮಾಡುತ್ತಿದ್ದರು. ಈಚೆಗೆ ಅದರ ಕೋಡ್ ಬರೆಯುವುದು ಎಐ ಸಹಾಯಕನ ಕೆಲಸವಾಗಿತ್ತು. ಬರೆದದ್ದು ನಡೆಯುತ್ತಿತ್ತು, ನಿಜ. ಆದರೆ ಇವತ್ತು ಒಂದು ಬಗೆ, ನಾಳೆ ಇನ್ನೊಂದು ಬಗೆ. ಒಂದು ಸಾಲು ಮಾರುದ್ದ, ಮುಂದಿನದು ಎಲ್ಲಿಂದಲೋ ಶುರು. ಅದನ್ನೆಲ್ಲ ಓದಿ, ಒಂದು ಹದಕ್ಕೆ ತಂದು, ನಾಳೆ ನೋಡುವವರಿಗೆ ತಿಳಿಯುವಂತೆ ಜೋಡಿಸುವವಳು ಲುಂಬಿನಿ. ತಿದ್ದಿದ ಪ್ರತಿ ಸಾಲಿನ ಬದಿಗೂ ಕಡೆಯದಾಗಿ ಮುಟ್ಟಿದವರ ಹೆಸರು ಮೂಡುತ್ತಿತ್ತು. ಕಡತ ತೆರೆದರೆ ಮೇಲಿನಿಂದ ಕೆಳಗಿನತನಕ ಅವಳದೇ ಹೆಸರು.

ಕೆಲಸದವರನ್ನು ಕಡಿಮೆ ಮಾಡುವ ಮಾತು ಮಾಲಕರಿಂದ ಬಂದಾಗ, ಕಚೇರಿ ನೋಡಿಕೊಳ್ಳುತ್ತಿದ್ದ ರತ್ನದೀಪ ಧೈರ್ಯ ಹೇಳಿದ್ದ. “ಹೆದರಬ್ಯಾಡವಾ. ನಿನ್ನ ಹೆಸರು ಎಲ್ಲಾ ಕಡೀಗಿ ಅದ. ಅದನ್ನ ಮಾಲಕರಿಗಿ ತೋರಸ್ತೀನಿ.”

ಅದೇ ವಾರ ಮಾಲಕರು ಒಂದು ಹೊಸ ಸಾಫ್ಟ್‌ವೇರ್ ಉಪಕರಣ ಕಳಿಸಿದರು. ಎಐ ಸಹಾಯಕ ಕಡತ ಮುಟ್ಟಿದ ಕೂಡಲೇ ಅದು ತಾನಾಗಿಯೇ ಎದ್ದು ಸಾಲುಗಳನ್ನು ನೇರ ಮಾಡುತ್ತದೆ, ಯಾರೂ ಹೇಳಬೇಕಾಗಿಲ್ಲ.

“ಹೊಸಾದಕ್ಕಷ್ಟ ಹಚ್ಚವಾ. ಹಳೇದು ಮುಟ್ಟಬ್ಯಾಡ,” ಎಂದ ರತ್ನದೀಪ.

ಲುಂಬಿನಿ ಹಾಗೆಯೇ ಮಾಡಿದಳು. ಆದರೆ ಸಂಜೆ ನೋಡುವಾಗ ಹೊಸ ಕಡತ ಒಂದು ಬಗೆ, ಹಳೆಯವು ಇನ್ನೊಂದು ಬಗೆ ಕಂಡವು. ಅರ್ಧ ತೊಳೆದ ನೆಲ! ಮನಸ್ಸು ತಡೆಯಲಿಲ್ಲ. ಉಪಕರಣವನ್ನು ಇಡೀ ಕೆಲಸದ ಮೇಲೆ ಓಡಿಸಿಬಿಟ್ಟಳು. ಎಲ್ಲ ಸಾಲುಗಳೂ ಒಂದೇ ಹದಕ್ಕೆ ಬಂದು ನಿಂತವು. ತೊಳೆದ ಫರ್ಸಿಯ ಹಾಗೆ ಥಳಥಳಿಸುವ ಆ ಪರದೆಯನ್ನು ಕಣ್ತುಂಬ ನೋಡಿ ಅವಳು ರೈಲು ಹತ್ತಿದಳು.

ಮರುದಿನ ಮಧ್ಯಾಹ್ನ ರತ್ನದೀಪ ಕರೆದ. ಮಾಲಕರು ಫೋನಿನಲ್ಲಿದ್ದರು.

“ಇದ್ರಾಗ ನಿಂದು ಯಾವುದವಾ?” ಎಂದು ಅವನು ಪರದೆ ತೋರಿಸಿದ. ಪ್ರತಿ ಸಾಲಿನ ಬದಿಗೂ ಉಪಕರಣದ ಹೆಸರು.

“ಎಲ್ಲಾ ನಂದ ಅದರಿ ಸರ್. ಹಿಂದಿನ ದಾಖಲಿ ತೆಗದ್ರ ಕಾಣ್ತದರಿ.”

ತೆಗೆದರು. ಕಂಡಿತು. ಫೋನಿನ ದನಿ ಕೇಳಿತು: “ಅಂದ್ರ ಆಕಿ ವರ್ಷಗಟ್ಟಲೆ ಮಾಡಿದ್ದು ಇದು ಒಂದು ಸಂಜಿಗಿ ಮಾಡ್ತು. ಅಷ್ಟ ಅಲ್ಲೇನ್ರಿ?”

ಓದಿ ತಿಳಿದು ತಿದ್ದಿದ್ದು ಬೇರೆ, ಸಾಲು ನೇರ ಮಾಡಿದ್ದು ಬೇರೆ ಎಂದು ಹೇಳಲು ಲುಂಬಿನಿ ಬಾಯಿ ತೆರೆದಳು. ಫೋನು ಇಟ್ಟಾಗಿತ್ತು.

“ಹಳೇದು ಮುಟ್ಟಬ್ಯಾಡ ಅಂದಿದ್ದೆನಲ್ಲವಾ…” ಎಂದ ರತ್ನದೀಪ. ಆ ಮಾತು ತನ್ನನ್ನು ಕಾಯಲಿಕ್ಕೆ ಆಡಿದ್ದೆಂದು ಅವಳಿಗೆ ಹೊಳೆದದ್ದು ಆಗ. ಕೆಲಸ ಬಿಡಲು ತಿಂಗಳ ಕೊನೆಯನ್ನೂ ಕಾಯಬೇಕಾಗಿಲ್ಲ ಎಂದು ಅವನು ನೆಲ ನೋಡುತ್ತ ಹೇಳಿದ.

ಹೊತ್ತಿಗೆ ಮುಂಚೆಯೇ ಮನೆಗೆ ಬಂದ ಮಗಳನ್ನು ಕಂಡು ಜಗದೇವಪ್ಪ, “ರೈಲಿಗಿ ರೆಕ್ಕಿ ಬಂದಾವೇನ?” ಎಂದ. ಅವಳು ನಗಲಿಲ್ಲ. ನಡೆದದ್ದನ್ನೆಲ್ಲ ಹೇಳಿ, “ಇಡೀ ನೆಲ ತೊಳದೆ ನೋಡಪಾ, ನೀ ಹೇಳಿದಂಗ,” ಎಂದಳು.

ಮುದುಕನ ಮುಖ ಇಳಿಯಿತು.

“ಕಲೆ ಕುಂದರ್ತದ ಅಂತ ನಿನಗ ಹೇಳಿದ್ದು ಸುಳ್ಳವಾ. ಸಣ್ಣಾಕಿ ಇದ್ದಿ. ಮನಿಯವರು ತಾವು ಒಳಗ ಬರೂ ಮುಂದ ನಮ್ಮ ಜಾತಿಯವರ ಹೆಜ್ಜಿ ಎಲ್ಲೂ ಇರಬಾರದು ಅಂತಿದ್ರು. ಅದಕ್ಕ ತೊಳಸ್ತಿದ್ರು. ನಿನ್ನ ಕೈಲೆ ನಾನೂ ತೊಳಸಿದೆ.”

ಮರುದಿನ ತಾಯಿ ಪೀರಮ್ಮ ರೂಢಿಯಂತೆ ಬುತ್ತಿ ಕಟ್ಟಿ ಹೊಸ್ತಿಲ ಬಳಿ ಇಟ್ಟಳು. ಇಟ್ಟ ಮೇಲೆ ನೆನಪಾಗಿ ಅಲ್ಲೇ ನಿಂತಳು. ವಾಡಿಯ ರೈಲು ಕೂಗಿ ಹೋಯಿತು. ಬುತ್ತಿ ಸೊಟ್ಟಗೆ ಕುಳಿತಿತ್ತು. ಲುಂಬಿನಿ ಅದನ್ನು ನೋಡಿದಳು, ನೇರ ಮಾಡಲಿಲ್ಲ.