ತಲೆ ತಿರುಗಿಸಿದ ನವಿಲುಗಳು

ಬೀಗಗಳ ಮೇಲೆ ಅಷ್ಟು ಮೋಹವಿದ್ದ ಓಬಣ್ಣ ತನ್ನ ಅಂಗಡಿಗೆ ಮಾತ್ರ ಬೀಗ ಹಾಕುತ್ತಿರಲಿಲ್ಲ. ಚಹಾಕ್ಕೆ ಹೋಗುವಾಗ ಬಾಗಿಲು ತೆರೆದೇ ಇಟ್ಟು, ಕುರ್ಚಿಯ ಮೇಲೊಂದು ಟವೆಲ್ ಹಾಕಿ ಹೊರಡುತ್ತಿದ್ದ. ಟವೆಲ್ಲೇ ಕಾವಲು. ಚಳ್ಳಕೆರೆಯ ಆ ಇಕ್ಕಟ್ಟಿನ ಅಂಗಡಿಯಲ್ಲಿ ಎರಡು ಕಸುಬು ನಡೆಯುತ್ತಿತ್ತು. ಬೆಳಿಗ್ಗೆ, ತನ್ನೂರು ಮೊಳಕಾಲ್ಮೂರಿನ ನೇಕಾರರಿಗೆ ಕಂಪ್ಯೂಟರಿನಲ್ಲಿ ಸೀರೆಯ ಡಿಜೈನು ಬರೆದುಕೊಡುವುದು. ಸಂಜೆ, ಕಾಲೇಜು ಹುಡುಗರಿಗೆ ಕಳ್ಳ ಗೇಮ್‌ಗಳನ್ನು ಹಾಕಿಕೊಡುವುದು. "ಕಳ್ಳ ಗೇಮ್ ಅನ್ಬ್ಯಾಡ್ರಲೇ, ಬೀಗ ತೆಗ್ದಿರೋ ಗೇಮ್ ಅನ್ರಿ" ಎಂದು ತಿದ್ದುತ್ತಿದ್ದ.

ನಾನು ಸಂಜೆಯ ಗಿರಾಕಿ. ಯಾರ ದನಿಯನ್ನಾದರೂ ಹೊರಡಿಸುತ್ತಿದ್ದ ನನಗೆ ಅವನಿಟ್ಟ ಹೆಸರು ಟೇಪು. ಅವನ ಎದುರಿಗೇ ಅವನ ಅರೆತೆಲುಗಿನ ಮಾತನ್ನು ಅಣಕಿಸಿದರೆ ಸಿಟ್ಟಾಗುವ ಬದಲು, "ಮೂಗಿನಾಗೆ ಇನ್ನೂ ಸ್ವಲ್ಪ ಎಳೀರಾ ಟೇಪು, ನಂದು ಅಷ್ಟು ಸಾಫ್ ಇಲ್ಲ" ಎಂದು ಪಾಠ ಹೇಳುತ್ತಿದ್ದ. ನನಗೆ ಸಿಕ್ಕ ಒಬ್ಬನೇ ಗುರು ಅವನು. ಕಾಲೇಜಿನವರು ನನ್ನನ್ನು ಹೊರಗೆ ನಿಲ್ಲಿಸುವುದರಲ್ಲೇ ದಣಿದಿದ್ದರು.

ಒಮ್ಮೆ ಅವನು ಹಾಕಿಕೊಟ್ಟ ಕಾರ್ ರೇಸಿನ ಗೇಮ್ ಎರಡು ದಿನ ಚೆನ್ನಾಗಿ ನಡೆದು, ಮೂರನೆಯ ದಿನ ಕಾರು ತಾನಾಗಿ ಎಡಕ್ಕೆ ಎಳೆಯತೊಡಗಿತು. ಕೀಬೋರ್ಡ್ ಬದಲಿಸಿದೆ, ಬೆರಳಿಗೆ ಎಣ್ಣೆ ನೀವಿಕೊಂಡೆ, ಕೊನೆಗೆ ನನಗೇ ಆಟ ಮರೆತಿದೆ ಎಂದು ಒಪ್ಪಿಕೊಂಡೆ. ಸುದ್ದಿ ಕೇಳಿ ಓಬಣ್ಣ ಕುರ್ಚಿಯಿಂದ ಎದ್ದೇಬಿಟ್ಟ.

"ಒಂದು ಬೀಗ ತೆಗ್ದಿದ್ದೆ, ಒಳಗೆ ಇನ್ನೊಂದು ಇಟ್ಟವ್ರೆ ನೋಡು. ಕಾಪಿ ಅಂತ ಗೊತ್ತಾದ್ರೂ ಗೇಮ್ ನಿಲ್ಸಲ್ಲ ಕಣಲೇ. ಆಡಾಕೆ ಬಿಟ್ಟು ಮೆಲ್ಲಗೆ ಕೆಡಿಸ್ತಾ ಹೋಗ್ತಾರೆ. ಆಡೋನು ತನ್ನ ಕೈಯೇ ಸರಿಯಿಲ್ಲ ಅನ್ಕೋಬೇಕು. ಎಂಥ ತಲೆ ಇದ್ದಾತು ಆ ಗೇಮ್ ಬರ್ದೋನಿಗೆ."

ಅವನು ಕೈಮುಗಿಯುವುದೊಂದು ಬಾಕಿ. ನನಗೆ ಮಾತ್ರ ಹೆದರಿಕೆಯಾಯಿತು. ನಾನು ಬೆರಳು ನೀವಿಕೊಳ್ಳುತ್ತಿದ್ದಷ್ಟು ಹೊತ್ತೂ ಗೇಮ್ ನನ್ನನ್ನು ಕಳ್ಳನೆಂದು ಗುರುತಿಸಿ ಸುಮ್ಮನೆ ಕೂತಿತ್ತಲ್ಲ.

ಹೆದರಿದವನು ಬುದ್ಧಿ ಕಲಿಯಬೇಕಿತ್ತು. ಮೊಳಕಾಲ್ಮೂರಿನಲ್ಲಿ ನನ್ನ ಗಂಗತ್ತೆ ಒಂದು ಮದುವೆ ಸೀರೆ ನೇಯಲು ಹಿಡಿದಿದ್ದಳು. ಸೆರಗಿಗೆ ಒಳ್ಳೆಯ ಡಿಜೈನು ಬೇಕೆಂದಾಗ, "ನಾನಿಲ್ವಾ ಅತ್ತೆ" ಎಂದು ಎದೆ ಉಬ್ಬಿಸಿದೆ. ಓಬಣ್ಣ ಆಗಷ್ಟೇ ಒಂಬತ್ತು ಸಾಲು ನವಿಲಿನ ಸೆರಗು ಬರೆದು ಮುಗಿಸಿದ್ದ. ಕೇಳಿದ್ದರೆ ಕೊಡುತ್ತಿದ್ದನೇನೋ. ಅವನು ಚಹಾಕ್ಕೆ ಹೋದಾಗ ಟವೆಲ್ ಸರಿಸಿ ಕೂತು, ಪೆನ್‌ಡ್ರೈವಿಗೆ ಇಳಿಸಿಕೊಂಡು, ಟವೆಲ್ಲನ್ನು ಮತ್ತೆ ಹಾಗೇ ಹಾಸಿದೆ. ಬೇರೆ ಕಡೆ ಅದನ್ನು ತೆರೆಸಿ, ಮಗ್ಗಕ್ಕೆ ಬೇಕಾದ ತೂತಿನ ರಟ್ಟುಗಳನ್ನು ಹೊಡೆಸಿಕೊಟ್ಟೆ. ಅತ್ತೆ ಎಲ್ಲಿಯದೆಂದು ಕೇಳಿದಳು. "ಫೋನಿನ ಗ್ರೂಪಿನಾಗೆ ಬಂತು. ಎಲ್ಲರ ಹತ್ರಾನೂ ಐತೆ."

ಕೆಲವು ವಾರದ ಮೇಲೆ ಅತ್ತೆಯ ಫೋನು. "ಅಳಿಯಾ, ಒಂದೀಟು ಬಂದು ಹೋಗಪ್ಪ. ನನ್ನ ಕಣ್ಣಿಗೆ ಏನೋ ಆಗೈತೆ."

ಹೋದೆ. ಸೀರೆ ಮುಗಿದಿತ್ತು. ಸೆರಗಿನ ಮೊದಲ ಮೂರು ಸಾಲು ನವಿಲುಗಳು ನೆಟ್ಟಗೆ ಬಲಕ್ಕೆ ನೋಡುತ್ತಿದ್ದವು. ನಾಲ್ಕನೆಯ ಸಾಲಿನಲ್ಲಿ ಕತ್ತು ಒಂದು ಎಳೆಯಷ್ಟು ತಿರುಗಿತ್ತು. ಐದರಲ್ಲಿ ಇನ್ನಷ್ಟು. ಒಂಬತ್ತನೆಯ ಸಾಲಿನ ನವಿಲುಗಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದವು.

"ನಿನಗೂ ಹಂಗೇ ಕಾಣ್ತೈತಾ?" ಅತ್ತೆ ಪಿಸುಗುಟ್ಟಿದಳು. "ಯಾರಿಗೂ ಹೇಳಿಲ್ಲ ಕಣಪ್ಪ. ಕಣ್ಣು ಹೋಗೈತೆ ಅಂತ ಗೊತ್ತಾದ್ರೆ ನನಗೆ ಯಾರು ರೇಷ್ಮೆ ಕೊಡ್ತಾರೆ?"

"ಕಣ್ಣು ಸರಿ ಐತೆ ಅತ್ತೆ. ಡಿಜೈನೇ ಹಂಗೈತೆ" ಎಂದೆ. ಕದ್ದದ್ದೆಂದು ಹೇಳಲು ನನಗೆ ಬರುವ ಇಪ್ಪತ್ತು ದನಿಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ.

ಭಾನುವಾರ ಓಬಣ್ಣ ಊರಿಗೆ ಬಂದಾಗ, ಡಿಜೈನಿನಲ್ಲಿ ಏನು ತಪ್ಪಿದೆ ನೋಡಲೆಂದು ಅತ್ತೆ ಸೆರಗನ್ನು ಅವನ ಮುಂದೆ ಹರವಿದಳು. ನಾನು ಅವಳ ಬೆನ್ನ ಹಿಂದಿದ್ದೆ. ಅವನು ನೆಲದ ಮೇಲೆ ಕೂತು ಕೊನೆಯ ಸಾಲನ್ನು ಮುಟ್ಟಿದ.

"ಎಲ್ಲಿಂದ ಬಂತಕ್ಕ ಇದು?"

"ಗ್ರೂಪಿನಾಗೆ ಬಂತಂತೆ. ಎಲ್ಲರ ಹತ್ರಾನೂ ಐತಂತೆ."

"ಬೀಗ ನಂದೇ ಅಕ್ಕ. ಆ ಗೇಮ್‌ನೋರ ಥರ. ಬೇರೆ ಕಂಪ್ಯೂಟರಿನಾಗೆ ತೆಗೆದ್ರೆ ಕತ್ತು ತಿರುಗೋ ಹಂಗೆ ಬರ್ದಿದ್ದೆ. ಕದ್ದೋನು ಹೆದರ್ಲಿ ಅಂತ. ಮಗ್ಗದ ಮುಂದೆ ಕೂರೋರು ನೀವು ಅನ್ನೋದು ಹೊಳೀಲೇ ಇಲ್ಲ." ಅವನು ಸೆರಗನ್ನು ಮಡಿಸಿ ಪಕ್ಕಕ್ಕಿಟ್ಟ. "ಇನ್ನ ಎಷ್ಟು ಮಗ್ಗದ ಮೇಲೆ ಏರೈತೋ. ಎಷ್ಟು ಜನ ಕಣ್ಣು ಹೋಯ್ತು ಅಂತ ಅಳ್ತಾ ಕೂತವ್ರೋ."

ಅತ್ತೆಗೆ ಹೊಸ ರೇಷ್ಮೆ, ಸರಿಯಾದ ರಟ್ಟು ಎರಡನ್ನೂ ತಂದುಕೊಟ್ಟು, ಮರುದಿನದಿಂದ ಅವನು ಮೊಳಕಾಲ್ಮೂರಿನ ಮನೆಮನೆಗೆ ಹೊರಟ. ನಾನೂ ಜೊತೆಗೆ ಹೋದೆ. ಹೋಗದಿದ್ದರೆ ಅನುಮಾನ ಬಂದೀತೆಂಬ ಭಯ. ಪ್ರತಿ ಮನೆಯಲ್ಲೂ ಮಗ್ಗಕ್ಕೆ ಬಗ್ಗಿ ನವಿಲು ಹುಡುಕುತ್ತಿದ್ದ. ಸಿಗದಿದ್ದರೂ ತಾನು ಮಾಡಿದ್ದನ್ನು ತಾನೇ ಹೇಳುತ್ತಿದ್ದ.

"ಹಂಗಾದ್ರೆ ನಮ್ಮ ಹಳೇ ಡಿಜೈನಿನಾಗೂ ಏನೋ ಇಟ್ಟಿದ್ದೀಯೇನಪ್ಪ?" ಎಂದು ಹಿರಿಯರೊಬ್ಬರು ಕೇಳಿದರು.

"ಇಲ್ರಿ, ಇದೊಂದ್ರಾಗೇ."

ಅವರು ತಲೆಯಾಡಿಸಿದರು. ನಾವು ಬೀದಿ ದಾಟುವ ಮೊದಲೇ ಅವನು ಕೊಟ್ಟಿದ್ದ ರಟ್ಟುಗಳನ್ನು ಮಗ್ಗದಿಂದ ಇಳಿಸುತ್ತಿದ್ದರು. ಕದ್ದಿದ್ದು ಒಂದೇ ಕಾಪಿ, ಇನ್ನೆಲ್ಲೂ ಇಲ್ಲ ಎಂದು ಗೊತ್ತಿದ್ದವನು ನಾನೊಬ್ಬ. ಮುಂದಿನ ಮನೆಯಲ್ಲಿ ಹೇಳುತ್ತೇನೆ, ಅದರ ಮುಂದಿನ ಮನೆಯಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತ ಊರೇ ಮುಗಿಯಿತು.

ಆಮೇಲೆ ಅವನಿಗೆ ಯಾರೂ ಡಿಜೈನು ಬರೆಯಲು ಹೇಳಲಿಲ್ಲ. ಅಂಗಡಿ ಮುಚ್ಚಿ ಧರ್ಮಾವರದ ಸೀರೆ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿದ. ಹೊರಡುವ ದಿನ ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಸೊರಗಿದ್ದ. ಬಸ್ಸು ಬಂದು ನಿಂತ ಮೇಲೆ ನಾನು ಬಾಯಿ ಬಿಟ್ಟೆ.

"ಅಣ್ಣ, ಕದ್ದೋನು ನಾನೇ. ಗ್ರೂಪು ಗೀಪು ಏನಿಲ್ಲ. ಒಂದೇ ಕಾಪಿ. ಅತ್ತೆ ಮಗ್ಗ ಬಿಟ್ರೆ ಎಲ್ಲೂ ಏರಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಕೆನ್ನೆಗೆ ಬಾರಿಸಲಿ ಎಂದು ಕಾದೆ. ಅವನು ನಕ್ಕ.

"ಇದು ಯಾರ ದನಿರಾ ಟೇಪು? ಅಳೋದೂ ಚೆನ್ನಾಗಿ ಮಾಡ್ತೀಯ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬ್ಯಾಡ."

"ಆಣೆ ಮಾಡಿ ಹೇಳ್ತೀನಣ್ಣ, ನಾನೇ."

"ಆಯ್ತು ಬಿಡು" ಎಂದು ಬೆನ್ನು ತಟ್ಟಿ ಬಸ್ಸು ಹತ್ತಿದ.

ಈಗಲೂ ಅವನ ಫೋನು ಬರುತ್ತದೆ. ಊಟ ಆಯಿತಾ ಎಂದು ಕೇಳುವ ಮೊದಲೇ, "ನವಿಲು ಎಲ್ಲಾನ ಕಂಡ್ವೇನ್ರಾ?" ಎನ್ನುತ್ತಾನೆ. ಇಲ್ಲ ಅಣ್ಣ, ಎಲ್ಲೂ ಇಲ್ಲ ಎನ್ನುತ್ತೇನೆ. ಆ ಕಡೆ ಮಗ್ಗದ ಸದ್ದು ಕೇಳುತ್ತಿರುತ್ತದೆ. ಆಮೇಲೆ ಅವನು ಮೆಲ್ಲಗೆ, "ಸರಿಯಾಗಿ ನೋಡ್ರಾ" ಎನ್ನುತ್ತಾನೆ.