ಊರು ಗುಡಿಸುವ ಸೆಲಿನ್‌ಗೆ ಊರಲ್ಲಿ ಮನೆಯಿಲ್ಲ

ಬೆಳಗಿನ ಐದು ಗಂಟೆ. ದಾಂಡೇಲಿ ಬಸ್ ನಿಲ್ದಾಣದಿಂದ ಹಳಿಯಾಳದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಸೆಲಿನ್ ಸಿದ್ದಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಚುಗಳ ಕೆಳಗಿನ ಗುಟ್ಕಾ ಪೊಟ್ಟಣ, ಶೇಂಗಾ ಸಿಪ್ಪೆಗಳನ್ನು ಪೊರಕೆಯಿಂದ ಎಳೆಯುತ್ತಿದ್ದಾರೆ. ದಿನಕ್ಕೆ ನಾಲ್ಕು ಸಲ ಗುಡಿಸಬೇಕು, ಭಾನುವಾರವೂ. ಹತ್ತೊಂಬತ್ತು ವರ್ಷವಾದರೂ ಕೆಲಸ ಗುತ್ತಿಗೆಯದೇ.

ಹೋದ ವರ್ಷ ಜೂನ್‌ನಲ್ಲಿ ಇಂಥದೇ ಹೊತ್ತಿಗೆ, ಚೀಲ ತಬ್ಬಿಕೊಂಡು ಕೂತಿದ್ದ ಪೂನಂ ಸೆಲಿನ್ ಕಣ್ಣಿಗೆ ಬಿದ್ದಳು. ಸೆಲಿನ್‌ರಂತೆ ಅವಳೂ, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಇಲ್ಲೇ ನೆಲೆಸಿದ ಸಿದ್ದಿ ಜನರ ಹುಡುಗಿ, ಊರು ಮಳಗಿ ಕಡೆ. ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು, ಇರಲು ಕೋಣೆ ಸಿಕ್ಕಿರಲಿಲ್ಲ. ಫೋನಿನಲ್ಲಿ ಖಾಲಿ ಇದೆ ಎಂದವರು, ಬಾಗಿಲಲ್ಲಿ ಅವಳ ಮುಖ ಕಂಡ ಕೂಡಲೇ ಈಗಷ್ಟೇ ಬೇರೆಯವರಿಗೆ ಕೊಟ್ಟೆವು ಎಂದಿದ್ದರು. ಸೆಲಿನ್ ಅವಳನ್ನು ಅಂಬೇವಾಡಿಯ ತಮ್ಮ ಬಾಡಿಗೆ ಕೋಣೆಗೆ ಕರೆದೊಯ್ದರು. ಗಂಡ ಪಾವ್ಲು ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಉರುಳಿ ತೀರಿಕೊಂಡ ಮೇಲೆ ಅಲ್ಲಿ ಅವರೊಬ್ಬರೇ ಇದ್ದರು. ತಿಂಗಳೊಳಗೆ, ಹೋಟೆಲಿನ ಅಡುಗೆ ಕೆಲಸಕ್ಕೆ ಬಂದಿದ್ದ ಇನ್ನೊಬ್ಬ ಸಿದ್ದಿ ಹುಡುಗಿ ಕ್ರಿಸ್ತಿನಾಳೂ ಸೇರಿಕೊಂಡಳು. ಅವಳಿಗೂ ಯಾರೂ ಕೋಣೆ ಕೊಟ್ಟಿರಲಿಲ್ಲ.

ಮಾಲೀಕರು ನೀರು ಸಾಲದು, ಅಕ್ಕಪಕ್ಕದವರು ಮಾತಾಡುತ್ತಾರೆ ಎಂದರು. ಹುಡುಗಿಯರನ್ನು ಕಳಿಸಿದರೆ ನೀನೊಬ್ಬಳು ಇರಬಹುದು ಎಂದೂ ಹೇಳಿದರು. ಸೆಲಿನ್ ಕಳಿಸಲಿಲ್ಲ. ಕೋಣೆ ಬಿಟ್ಟರು.

ಮೂವರೂ ಸೇರಿ ಹನ್ನೊಂದು ಮನೆ ಕೇಳಿದರು. ಒಂದು ಕಡೆ ನಿಮ್ಮ ದೇಶ ಯಾವುದು ಎಂದು ವಿಚಾರಿಸಿದರಂತೆ.

"ಇಲ್ಲೇ ಹಳಿಯಾಳ ಕಡೀ ಸಾಂಬ್ರಾಣಿ ಊರ ಅಂದ್ನಿರಿ. ಅದಕ್ಕೂ ಮೊದಲ ಎಲ್ಲಿದ್ರಿ ಅಂದ್ರು. ನಮ್ಮಜ್ಜ, ಮುತ್ತಜ್ಜನ್ನ ಮಣ್ಣ ಮಾಡಿದ್ದೂ ಅಲ್ಲೇರಿ. ಇನ್ನ ಯಾವ ಊರ ಹೇಳ್ಲಿ?" ಹೇಳುವಾಗ ಸೆಲಿನ್ ದನಿ ಏರುವುದಿಲ್ಲ. ಆ ಮನೆಯೂ ಸಿಗಲಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಕ್ರಿಸ್ತಿನಾ ಸೋತಳು. ಕೆಲಸ ಬಿಟ್ಟು ಊರಿಗೆ ಮರಳಿದ ಅವಳು ಈಗ ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಾಳೆ. "ಅಕಿನ್ನ ಬಸ್ ಹತ್ತಿಸಿ, ಅದ ಜಾಗಾ ಕಸಾ ಹೊಡೀಬೇಕಾಗಿತ್ರಿ. ಕೈ ನಡೀಲಿಲ್ಲ," ಎನ್ನುತ್ತಾರೆ ಸೆಲಿನ್.

ಉಳಿದಿಬ್ಬರು, ಕೋಣೆ ಬಿಟ್ಟಾಗ ಹೊಕ್ಕ ಊರಂಚಿನ ತಗಡಿನ ಶೆಡ್ಡಿನಲ್ಲೇ ಇದ್ದಾರೆ. ಸರ್ಕಾರಿ ಮನೆಗೆ ಅರ್ಜಿ ಹಾಕಲು ಹೋದರೆ ಜಾಗದ ಕಾಗದ ಕೇಳುತ್ತಾರೆ. ಸೆಲಿನ್ ಹೆಸರಿನಲ್ಲಿ ಎಲ್ಲೂ ಜಾಗವಿಲ್ಲ. ಈ ಮಳೆಗಾಲದಲ್ಲಿ ನೀರು ಎರಡು ಸಲ ಒಳಗೆ ಬಂತು. ಪೂನಂ ಜ್ವರದಲ್ಲಿ ಮಲಗಿದ್ದಾಗ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಅವಳ ಬಿಳಿ ಯೂನಿಫಾರ್ಮ್ ಒಣಗುವುದೇ ಇಲ್ಲ. ಸಂಜೆ ಕೆಲಸ ಮುಗಿಸಿ ಬಂದ ಸೆಲಿನ್ ಅದನ್ನು ಒಲೆಯೆದುರು ಎರಡೂ ಕೈಯಲ್ಲಿ ಹಿಡಿದು, ಹೊಗೆ ತಾಗದಂತೆ ತಿರುಗಿಸುತ್ತ ಒಣಗಿಸುತ್ತಾರೆ.

ಏನು ಬೇಕು ಎಂದು ಕೇಳಿದೆ.

"ದೊಡ್ಡ ಮನಿ ಬ್ಯಾಡ್ರಿ. ಬಟ್ಟಿ-ಅರಬಿ ಒಣಗುವಂಥಾ ಒಂದ್ ಗ್ವಾಡಿ ಇದ್ರ ಸಾಕು." ಆಮೇಲೆ ಸೇರಿಸಿದರು: "ಇಷ್ಟಾದ್ರೂ ಪೂನಂ ಒಂದ್ ದಿನಾನೂ ಹಸೀ ಅರಬಿ ಹಾಕ್ಕೊಂಡು ಡ್ಯೂಟಿಗೆ ಹೋಗಿಲ್ಲ ನೋಡ್ರಿ."