ನೆಂಟರು ಬರುವ ದಿನ ಮತ್ತು ಒಂದು ಜೇಕು

ಭಾನುವಾರ, ಬೆಳಿಗ್ಗೆ ಆರು ಗಂಟೆ, ಹಾಸನದ ನಮ್ಮ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ಯಜಮಾನರು, ಮತ್ತು ಒಂದು ಬಾಟಲಿ ವಿನಿಗರ್. ಮಧ್ಯಾಹ್ನ ಚನ್ನರಾಯಪಟ್ಟಣದಿಂದ ಬೀಗರು ಬರುವವರಿದ್ದರು. ಅದಕ್ಕಾಗಿ ಇವರು ನಲ್ಲಿಗಳ ಕಲೆ ಉಜ್ಜುತ್ತಿದ್ದರು. ಆ ಹುಳಿ ವಾಸನೆ ಮೂಗಿಗೆ ತಾಗಿದ್ದೇ ನನ್ನ ಮನಸ್ಸು ಹಳೆಯ ದಿನಗಳಿಗೆ, ದುದ್ದ ಎಂಬ ಊರಿನ ಕಡೆ ಹೊರಟುಹೋಯಿತು.

ನಿಮಗೆ ಹೇಳಬೇಕು, ಗಿಡಗಳ ವರ್ಣತಂತು, ಅಂದರೆ ಕ್ರೋಮೋಸೋಮು, ಎಣಿಸುವವರ ಬದುಕೆಲ್ಲ ಇದೇ ವಾಸನೆ. ಬೆಳಗಿನ ಹೊತ್ತು ಎಳೆಬೇರಿನ ತುದಿ ಕತ್ತರಿಸಿ, ಆಮ್ಲದಲ್ಲಿ ಅದ್ದಿ, ಗಾಜಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಪಿಎಚ್‌.ಡಿ.ಗೆ ನಾನು ಹಿಡಿದದ್ದು ನಮ್ಮ ಸೀಮೆ ಬಿಟ್ಟರೆ ಬೇರೆಲ್ಲೂ ಕಾಣದ ಒಂದು ಜೇಕಿನ ಹುಲ್ಲು. ಜೇಕಿನ ವರ್ಣತಂತುವಿಗೆ ಶಿಸ್ತಿಲ್ಲ. ಮುರಿದರೆ ತುಂಡೂ ಇಡೀ ತಂತುವಿನ ಹಾಗೆ ಬದುಕಿಬಿಡುತ್ತದೆ, ಲೆಕ್ಕ ಏರುಪೇರಾಗುತ್ತದೆ. ಗಂಟೆ ಹೊಡೆದಂತೆ ಏಳುವ ಮನೆಯಲ್ಲಿ ಬೆಳೆದ ನನಗೆ ಇದೇ ಗಂಟುಬೀಳಬೇಕೆ! ನನ್ನ ಎಣಿಕೆಯನ್ನು ಪರೀಕ್ಷಕರು ನಂಬಲಿಲ್ಲ. "ನನ್ನೆದುರೇ ಬೇರು ತೆಗೆಯಿರಿ, ನಾನೇ ಎಣಿಸುತ್ತೇನೆ. ಆಗದಿದ್ದರೆ ಪಿಎಚ್‌.ಡಿ. ಮರೆತುಬಿಡಿ" ಎಂದರು.

ಆ ಜೇಕು ನನಗೆ ಸಿಕ್ಕಿದ್ದು ದುದ್ದದ ರಂಗೇಗೌಡರ ಗದ್ದೆ ಪಕ್ಕದ ಜೌಗಿನಲ್ಲಿ ಮಾತ್ರ. ದೊಡ್ಡ ಮೇಷ್ಟ್ರು ನೋಡಲು ಬರುತ್ತಾರೆಂದು ಗೌಡರಿಗೆ ಹೇಳಿಕಳಿಸಿದೆ. ಪರೀಕ್ಷಕರೊಂದಿಗೆ ಹೋಗಿ ನೋಡಿದರೆ ಜೌಗು ಬೋಳು! ಅಂಚಿನಲ್ಲಿ ರಂಗೋಲಿ, ಎರಡು ಕುರ್ಚಿ, ಎಳನೀರು.

"ಇದೇನು ಗೌಡ್ರೇ?"

"ಗಲೀಜಾಗಿತ್ತು ಕಣವ್ವಾ. ದೊಡ್ಡೋರು ಬತ್ತಾರೆ ಅಂದ್ರೆ ಅಂಗೇ ಬುಡಕ್ಕಾಯ್ತದಾ? ಬೆಳಗ್ಗೇನೇ ಎಲ್ಲಾ ಕಿತ್ತಾಕ್ಬುಟ್ಟೊ."

"ಕಿತ್ತದ್ದು ಎಲ್ಲಿ?"

"ಎಮ್ಮೆ ಮುಂದೆ ಆಕ್ದೆ, ಮೂಸೂ ನೋಡ್ನಿಲ್ಲ ಮುಂಡೇದು. ತಿಪ್ಪೆಗೆ ಎಸ್ದೆ. ಸಾ, ನೀವು ಮೊದ್ಲು ಎಳ್ನೀರು ಕುಡೀರಿ."

ಪರೀಕ್ಷಕರು ಎಳನೀರು ಕುಡಿದರು, ಪ್ಯಾಂಟು ಮಡಚಿದರು, ತಿಪ್ಪೆ ಹತ್ತಿದರು. ಒಂದು ಗಡ್ಡೆಯ ಬೇರು ಇನ್ನೂ ಬೆಳ್ಳಗಿತ್ತು. ಅವರ ಎಣಿಕೆ ಕೊನೆಗೆ ನನ್ನದಕ್ಕೇ ಬಂದು ನಿಂತಿತು. ಉಳಿದ ಗಡ್ಡೆ ನನ್ನ ಕುಂಡ ಸೇರಿತು. ಈಗ ಆ ಜೌಗಿನಲ್ಲಿ ಸೈಟುಗಳಾಗಿವೆ. ನಾನು ಬಲ್ಲಂತೆ ಆ ಜೇಕು ಉಳಿದಿರುವುದು ನಮ್ಮ ಮಹಡಿಯ ಮೇಲಿನ ಆ ಕುಂಡದಲ್ಲಿ ಮಾತ್ರ.

ಇಷ್ಟು ನೆನೆದವಳು ನಲ್ಲಿ ಉಜ್ಜುತ್ತಿದ್ದ ಯಜಮಾನರ ಕಡೆ ತಿರುಗಿದೆ. ನಲ್ಲಿಯನ್ನೇ ಬಿಡದವರು ಮಹಡಿಯನ್ನು ಬಿಟ್ಟಾರೆಯೇ?

"ರೀ, ಮೇಲಿನ ಕುಂಡ?"

"ಅದಾ? ಬರೀ ಹುಲ್ಲು ಬೆಳೆದಿತ್ತು ಕಣೇ. ತೊಳೆದು ಬೋರಲು ಹಾಕಿದ್ದೀನಿ. ಬೀಗರು ಏನಂದ್ಕೊಂಡಾರು?"

ಮದುವೆಯಾದಾಗಿನಿಂದ ಅದರ ಪಕ್ಕದಲ್ಲೇ ಬಟ್ಟೆ ಒಣಹಾಕಿದವರು!

ಕಸದ ಬುಟ್ಟಿ ಸುರಿದು ಕೆದಕಿದೆ. ಗಡ್ಡೆಯ ಒಂದು ತುಂಡು ಸಿಕ್ಕಿತು. ನೆಟ್ಟೆ. ಗಿಡದ ಹೆಸರು ಬರೆದು ಚೀಟಿ ಚುಚ್ಚೋಣವೆಂದುಕೊಂಡರೆ, ಹಳೆಯ ಚೀಟಿಯೂ ಅದೇ ಬುಟ್ಟಿಯಲ್ಲಿತ್ತು; ಅದರಿಂದ ಗಿಡವೇನೂ ಉಳಿದಿರಲಿಲ್ಲ.

ಬೀಗರು ಉಂಡು ಹೊರಟ ಮೇಲೆ ದಿನದ ಕೊನೆಯ ಕೆಲಸ ಮುಗಿಸಿದೆ: ಕುಂಡಕ್ಕೆ ಅರಿಸಿನ ಬಳಿದು ಕುಂಕುಮ ಇಟ್ಟೆ. ಮಹಡಿಗೆ ಬಂದ ಯಜಮಾನರು ಚಪ್ಪಲಿ ಬಿಟ್ಟು ನೀರೆರೆದರು.